ಕೆಂಡದಲ್ಲಿ ಸುಟ್ಟ ಬಾಡಿನ ಜೊತೆಗೆ ಬೆಲ್ಲ–ವಿನೆಗರ್ ಸಾಸ್

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಡೂಟದ ಸಂಭ್ರಮ. ಸಾರು ಕುದಿಯುತ್ತಿರುವಾಗಲೇ ನಾಲ್ಕು ತುಂಡು ಕೆಂಡಕ್ಕೆ ಬೀಳುತ್ತವೆ. ಅದಕ್ಕೆ ಸವರುವ ಹುಳಿ-ಸಿಹಿ-ಖಾರದ ಸಾಸನ್ನು ಮನೆಯಲ್ಲೇ ಮಾಡೋದು ಹೇಗೆ ಅಂತ ಇವತ್ತು ನೋಡೋಣ. ಅಮೆರಿಕದ ಉತ್ತರ ಕ್ಯಾರೊಲೈನಾದ ಪೂರ್ವ ಭಾಗದಲ್ಲಿಯೂ ಸುಟ್ಟ ಮಾಂಸಕ್ಕೆ ವಿನೆಗರ್, ಮೆಣಸಿನಕಾಯಿ, ಉಪ್ಪು ಬೆರೆಸಿದ ತೆಳು ಸಾಸನ್ನೇ ಹಾಕುತ್ತಾರೆ.

"ಕಬ್ಬಿನ ಹಾಲಿನಿಂದಲೇ ವಿನೆಗರ್ ಮಾಡಬಾರದೇ?" ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಹಾಲು ಮೊದಲು ಹುದುಗಿ ಮದ್ಯವಾಗಿ, ಆಮೇಲಷ್ಟೇ ಹುಳಿಯಾಗುತ್ತದೆ. ಅದರಲ್ಲಿ ಅಬಕಾರಿ ಕಾಯಿದೆಯ ತೊಡಕಿದೆ. ಹುಳಿ ಎಷ್ಟು ಬಂತೆಂದು ಮನೆಯಲ್ಲಿ ಅಳೆಯುವುದೂ ಕಷ್ಟ. ಅಂಗಡಿಯಿಂದ ತರುವುದೇ ಲೇಸು. ಚೀಟಿ ಓದಿ ಕೊಳ್ಳಿ: ಅಸಿಟಿಕ್ ಆಮ್ಲ ನೂರಕ್ಕೆ 4 ಇರಲಿ. ಬಿಡಿಯಾಗಿ ಮಾರುವ ಗಟ್ಟಿ ಆಮ್ಲವನ್ನು ತಂದು ನೀರು ಬೆರೆಸುವ ಸಾಹಸ ಖಂಡಿತ ಬೇಡ. ಅದು ಬಾಯಿ, ಗಂಟಲನ್ನು ಸುಡುತ್ತದೆ.

ಇನ್ನು ಬೆಲ್ಲ. ಆಲೆಮನೆಯಲ್ಲಿ ಹೈಡ್ರೋಸ್ ಹಾಕಿದರೆ ಬೆಲ್ಲ ಬೆಳ್ಳಗೆ ಹೊಳೆಯುತ್ತದೆ. ಆ ಬಣ್ಣಕ್ಕೆ ಮರುಳಾಗಬೇಡಿ. ಕಂದು ಬಣ್ಣದ ಬೆಲ್ಲವೇ ಸಾಸಿಗೆ ಒಳ್ಳೆಯದು.

ಬೇಕಾದ ಸಾಮಾನು: ವಿನೆಗರ್ ಅರ್ಧ ಲೀಟರ್, ಪುಡಿ ಮಾಡಿದ ಬೆಲ್ಲ 100 ಗ್ರಾಂ, ಉಪ್ಪು 3 ಚಮಚ, ಅಚ್ಚ ಖಾರದ ಪುಡಿ 2 ಚಮಚ, ಕುಟ್ಟಿದ ಕಾಳುಮೆಣಸು 1 ಚಮಚ, ಜಜ್ಜಿದ ಬೆಳ್ಳುಳ್ಳಿ 6 ಎಸಳು. ಚಮಚವೆಂದರೆ ಚಿಕ್ಕ ಚಮಚ.

ಸ್ಟೀಲಿನ ಪಾತ್ರೆಯನ್ನೇ ಬಳಸಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ. ಹುಳಿ ಲೋಹವನ್ನು ತಿಂದು ಸಾಸಿಗೆ ಸೇರಿಸುತ್ತದೆ. ಎಲ್ಲವನ್ನೂ ಹಾಕಿ ಸಣ್ಣ ಉರಿಯಲ್ಲಿ ಬೆಲ್ಲ ಕರಗುವವರೆಗೆ ಕಾಯಿಸಿ. ಹಬೆ ಕಣ್ಣಿಗೆ ಉರಿ ತರುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ಜೋರಾಗಿ ಕುದಿಸಬೇಡಿ, ಹುಳಿ ಹಾರಿ ಹೋಗುತ್ತದೆ. ಬೆಲ್ಲದ ಕಸ, ಮರಳು ಹೋಗುವಂತೆ ಒಣ ಬಟ್ಟೆಯಲ್ಲಿ ಸೋಸಿ. ಹತ್ತು ನಿಮಿಷ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನದು ಮೇಲು. ಎರಡು ದಿನ ಇಟ್ಟರೆ ರುಚಿ ಕೂಡಿಕೊಳ್ಳುತ್ತದೆ.

ಒಂದು ಮಾತು ಮರೆಯಬೇಡಿ. ಈ ಸಾಸನ್ನು ಕಾಯುವುದು ಅದರ ಹುಳಿ. "ಹುಳಿ ಜಾಸ್ತಿ ಆಯ್ತು" ಅಂತ ನೀರು, ಈರುಳ್ಳಿ, ಟೊಮೆಟೊ ಸೇರಿಸಿದಿರೋ, ಕಾವಲುಗಾರನನ್ನೇ ಮನೆಯಿಂದ ಕಳಿಸಿದ ಹಾಗೆ. ಹುಳಿ ಹೆಚ್ಚೆನಿಸಿದರೆ ಬೇಕಾದಷ್ಟನ್ನು ಬಟ್ಟಲಿಗೆ ಬಗ್ಗಿಸಿ, ಅದಕ್ಕೆ ಬೆಲ್ಲ ಸೇರಿಸಿ ಅಂದೇ ಮುಗಿಸಿ.

ಸವರುವ ಸಾಸನ್ನೂ ಬಟ್ಟಲಿಗೇ ತೆಗೆದುಕೊಳ್ಳಿ. ಹಸಿ ಬಾಡಿಗೆ ತಾಗಿದ್ದನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಬೆಲ್ಲ ಬೇಗ ಸೀಯುತ್ತದೆ. ತುಂಡು ಮುಕ್ಕಾಲು ಬೆಂದ ಮೇಲೆ ಸವರಿ. ಬಾಟಲಿಯ ಮೇಲೆ ಮಾಡಿದ ತಾರೀಖು ಬರೆದು, ತಂಪಾದ ಕತ್ತಲ ಜಾಗದಲ್ಲಿಟ್ಟು, ಎರಡು ತಿಂಗಳೊಳಗೆ ಮುಗಿಸಿ. ಬೂಷ್ಟು ಬಂದರೆ, ನೊರೆ ಎದ್ದರೆ ರುಚಿ ನೋಡದೆ ಚೆಲ್ಲಿ. ಚೆಲ್ಲಿದ್ದು ಒಂದು ಬಾಟಲಿ. ಉಳಿದದ್ದು ಮನೆಮಂದಿಯ ಆರೋಗ್ಯ.