ಮಗಳ ಅಳತೆಗೆ ತಕ್ಕ ಎದೆಕವಚ

ಹಾಕಿ ಚೆಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತೂಕ 156ರಿಂದ 163 ಗ್ರಾಂ. ದೊಡ್ಡದೊಂದು ಬಟಾಟೆಯಷ್ಟೇ ಭಾರ, ಆದರೆ ಕಲ್ಲಿನಂತೆ ಗಡಸು. ಆ ಚೆಂಡು ಬರುವ ದಾರಿಗೆ ಅಡ್ಡ ನಿಲ್ಲುವುದೇ ಗೋಲ್‌ಕೀಪರ್‌ನ ಕೆಲಸ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲಿನ ಬಾಯಿಯನ್ನು ಒಬ್ಬಳೇ ಹುಡುಗಿ ಕಾಯಬೇಕು. ಕೈಯಿಂದ, ಕಾಲಿನಿಂದ, ಕೋಲಿನಿಂದ ತಡೆಯಬಹುದು. ಯಾವುದೂ ಆಗದಿದ್ದಾಗ ಎದೆಯೊಡ್ಡಬೇಕು.

ಇಂದು ಶಾಲೆಗಳಲ್ಲಿ ಹೆಣ್ಣು ಮಕ್ಕಳು ಹಾಕಿ ಆಡುವುದು ಹೊಸ ಸುದ್ದಿಯಲ್ಲ. ಕೊಡಗಿನಲ್ಲಂತೂ 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿಕೊಂಡು ಹಾಕಿ ಹಬ್ಬವನ್ನೇ ನಡೆಸುತ್ತಿವೆ. ಮಗಳು ತಂಡಕ್ಕೆ ಆಯ್ಕೆಯಾದಳೆಂದರೆ ತಾಯಿಗೆ ಸಂತೋಷ. ಗೋಲ್‌ಕೀಪರ್ ಎಂದು ತಿಳಿದಾಗ ಆ ಸಂತೋಷದ ಜೊತೆ ಸಣ್ಣದೊಂದು ಅಳುಕು. ಆ ಅಳುಕು ತಪ್ಪಲ್ಲ. ಆದರೆ ಅದನ್ನು "ಬೇಡ" ಎಂಬ ಒಂದೇ ಮಾತಿನಲ್ಲಿ ಮುಗಿಸುವ ಬದಲು, "ಅವಳು ಎದೆಗೆ ಏನು ಹಾಕಿಕೊಳ್ಳುತ್ತಾಳೆ?" ಎಂಬ ಪ್ರಶ್ನೆಯಾಗಿ ಕೇಳಿದರೆ ಮಗಳಿಗೂ ಉಪಕಾರ, ಆಟಕ್ಕೂ ಉಪಕಾರ.

ನಿಯಮ ಬಿಟ್ಟದ್ದನ್ನು ಮನೆ ನೋಡಬೇಕು

ಅಂತಾರಾಷ್ಟ್ರೀಯ ಹಾಕಿ ನಿಯಮದ ಪ್ರಕಾರ ಪೂರ್ಣ ರಕ್ಷಣೆ ತೊಟ್ಟ ಗೋಲ್‌ಕೀಪರ್‌ಗೆ ಕನಿಷ್ಠ ಮೂರು ವಸ್ತುಗಳು ಇರಲೇಬೇಕು: ಹೆಲ್ಮೆಟ್, ಕಾಲಿನ ಪ್ಯಾಡ್ ಮತ್ತು ಪಾದದ ಮೇಲೆ ಕಟ್ಟುವ ಕಿಕ್ಕರ್. ಎದೆಕವಚ, ಅಂದರೆ ಚೆಸ್ಟ್ ಗಾರ್ಡ್, ಈ ಮೂರರಲ್ಲಿ ಸೇರಿಲ್ಲ. ಅದು ಧರಿಸಲು ಅನುಮತಿ ಇರುವ ಇತರ ರಕ್ಷಣಾ ಸಾಧನಗಳ ಸಾಲಿನಲ್ಲಿದೆ. ಆದ್ದರಿಂದ ಅದು ಇದೆಯೇ, ಸರಿಯಾಗಿ ಕೂರುತ್ತದೆಯೇ ಎಂದು ನೋಡುವ ಹೊಣೆ ಬಹುಮಟ್ಟಿಗೆ ತರಬೇತುದಾರರ ಮೇಲೆ ಮತ್ತು ಮನೆಯವರ ಮೇಲೆಯೇ ಬೀಳುತ್ತದೆ.

ಚೆಂಡು ನೆಲದ ಮೇಲೆ ತಾನೇ ಉರುಳುವುದು, ಎದೆಗೆ ಹೇಗೆ ಬಂದೀತು ಎಂದು ಕೇಳುವವರಿದ್ದಾರೆ. ಪೆನಾಲ್ಟಿ ಕಾರ್ನರ್‌ನಲ್ಲಿ ಕೋಲೆತ್ತಿ ಬೀಸುವ ಮೊದಲ ಹೊಡೆತ ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರದಲ್ಲಿ ಇರಬಾರದು ಎಂಬ ನಿಯಮವಿದೆ, ನಿಜ. ಆದರೆ ಚೆಂಡನ್ನು ಕೋಲಿನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ. ದೊಡ್ಡವರ ಆಟದಲ್ಲಿ ಅದರ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದುಂಟು. ಶಾಲಾ ಮಕ್ಕಳ ಆಟದಲ್ಲಿ ಅಷ್ಟು ವೇಗ ಇರದು. ಆದರೆ ಇನ್ನೊಬ್ಬರ ಕೋಲಿಗೆ ತಾಗಿ ದಿಕ್ಕು ಬದಲಿಸಿ ಮೇಲೇಳುವ ಚೆಂಡು ಎಲ್ಲ ಮಟ್ಟದ ಆಟದಲ್ಲೂ ಇದೆ. ಅದನ್ನು ನೋಡಿ ಕೈ ಎತ್ತುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ.

ಹೆದರಿಕೆಯನ್ನು ಕಲಿಸುವ ಕವಚ

ಅನೇಕ ಶಾಲೆಗಳಲ್ಲಿ ತಂಡದ ಚೀಲದೊಳಗೆ ಒಂದೇ ಎದೆಕವಚ ಇರುತ್ತದೆ. ಎಂದೋ ದೊಡ್ಡ ಹುಡುಗರಿಗಾಗಿ ಕೊಂಡದ್ದು. ಆರನೆಯ ತರಗತಿಯ ಹುಡುಗಿಗೂ ಅದೇ, ಕಾಲೇಜಿನ ಹುಡುಗನಿಗೂ ಅದೇ. ದೊಡ್ಡದಿದ್ದರೆ ನಷ್ಟವೇನು, ಇನ್ನೂ ಹೆಚ್ಚು ಮುಚ್ಚುತ್ತದಲ್ಲ ಎಂದು ನಾವು ಭಾವಿಸುತ್ತೇವೆ. ಇಲ್ಲೇ ನಾವು ಎಡವುವುದು.

ದೊಡ್ಡ ಕವಚ ತೊಟ್ಟ ಹುಡುಗಿ ಮೊಣಕಾಲು ಬಗ್ಗಿಸಿ ನಿಂತೊಡನೆ ಅದರ ಅಂಚು ಮೇಲಕ್ಕೇರಿ ಗಂಟಲಿಗೆ ಒತ್ತುತ್ತದೆ. ಅವಳು ತಲೆ ಎತ್ತುತ್ತಾಳೆ, ಕಾಲ ಬುಡದ ಚೆಂಡು ಕಾಣುವುದಿಲ್ಲ. ಕೈ ಚಾಚಿದರೆ ಭುಜದ ತುಂಡು ಅಡ್ಡ ಬರುತ್ತದೆ. ಕವಚ ಒಂದು ಬದಿಗೆ ಜಾರಿ ಇನ್ನೊಂದು ಬದಿಯ ಪಕ್ಕೆಲುಬು ಬಯಲಾಗುತ್ತದೆ. ಚೆಂಡು ಅಲ್ಲೇ ಒಮ್ಮೆ ಬಡಿದರೆ ಸಾಕು, ಮುಂದಿನ ಸಲ ಆಕೆ ಮುಖ ತಿರುಗಿಸಿ ಪಕ್ಕಕ್ಕೆ ಹೊರಳುತ್ತಾಳೆ. ಹೊರಳಿದಾಗ ಚೆಂಡಿಗೆ ಸಿಗುವುದು ಕವಚವಿಲ್ಲದ ಬೆನ್ನು ಮತ್ತು ಪಕ್ಕೆ. ಪೆಟ್ಟಿನಿಂದ ಹೆದರಿಕೆ, ಹೆದರಿಕೆಯಿಂದ ಮತ್ತೆ ಪೆಟ್ಟು. "ಅವಳಿಗೆ ಧೈರ್ಯ ಸಾಲದು" ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಸಾಲದ್ದು ಧೈರ್ಯವಲ್ಲ, ಸರಿಯಾದ ಅಳತೆ. ಮೈಗೆ ಸರಿಯಾಗಿ ಕೂತ ಕವಚದ ಹುಡುಗಿ ಚೆಂಡಿಗೆ ನೇರ ಎದುರಾಗಿ ನಿಲ್ಲುತ್ತಾಳೆ. ಹಾಗೆ ನಿಲ್ಲುವುದೇ ಅವಳಿಗೆ ಅತ್ಯಂತ ಸುರಕ್ಷಿತವೂ ಹೌದು.

ಅಳತೆ ತೆಗೆಯುವುದು ಹೇಗೆ?

ಮನೆಯ ಹೊಲಿಗೆ ಟೇಪು ಸಾಕು. ಆಟದ ಒಳ ಅಂಗಿ ತೊಡಿಸಿ ಎದೆಯ ಸುತ್ತಳತೆ ತೆಗೆಯಿರಿ. ಕುತ್ತಿಗೆಯ ಬುಡದಿಂದ ಹೊಕ್ಕುಳದವರೆಗೆ ಉದ್ದ ತೆಗೆಯಿರಿ. ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಅಳತೆಯೂ ಬೇಕು. ಅಂಗಡಿಯಲ್ಲಿ ಹೇಳುವ ಸ್ಮಾಲ್, ಮೀಡಿಯಂ ಎಂಬ ಮಾತನ್ನು ನಂಬಬೇಡಿ. ಒಬ್ಬ ತಯಾರಕನ ಮೀಡಿಯಂ ಇನ್ನೊಬ್ಬನ ಸ್ಮಾಲ್ ಆಗಿರಬಹುದು.

ಸಾಧ್ಯವಾದರೆ ಮಗಳನ್ನೇ ಕರೆದುಕೊಂಡು ಹೋಗಿ, ಹೆಲ್ಮೆಟ್, ಗಂಟಲು ಕವಚ, ಕಾಲಿನ ಪ್ಯಾಡ್ ಎಲ್ಲ ಕಟ್ಟಿ ನೋಡಿ. ನಿಂತಾಗ ಚೆನ್ನಾಗಿ ಕಾಣುವುದು ಮುಖ್ಯವಲ್ಲ. ಗೋಲಿನಲ್ಲಿ ನಿಲ್ಲುವಂತೆ ಬಗ್ಗಲಿ, ಕೂರಲಿ, ಎರಡೂ ಕೈ ಪಕ್ಕಕ್ಕೆ ಚಾಚಲಿ, ನೆಲದ ಮೇಲೆ ಒರಗಲಿ. ಆಗ ಇವನ್ನು ಗಮನಿಸಿ:

ಮೇಲಂಚು ಕೊರಳೆಲುಬನ್ನು ಮುಚ್ಚಿರಬೇಕು, ಆದರೆ ಗಂಟಲಿಗೆ ಒತ್ತಬಾರದು.

ಕೆಳಗಿನ ಅಂಚು ಸೊಂಟದ ಪಟ್ಟಿಯವರೆಗೆ ಬಂದು ಕೆಳಹೊಟ್ಟೆಯ ಕವಚವನ್ನು ಮುಟ್ಟಬೇಕು. ನಡುವೆ ಹೊಟ್ಟೆ ಬಯಲಾಗಬಾರದು.

ಎರಡೂ ಪಕ್ಕೆಗಳು ಮುಚ್ಚಿರಬೇಕು. ಕೈ ಎತ್ತಿದಾಗಲೂ ಹಾಗೆಯೇ ಇರಬೇಕು.

ಪಟ್ಟಿ ಬಿಗಿದ ಮೇಲೆ ಅದರಡಿಯಲ್ಲಿ ಎರಡು ಬೆರಳು ತೂರಬೇಕು. ಮೂರು ಬೆರಳು ತೂರಿದರೆ ಸಡಿಲ, ಒಂದೂ ತೂರದಿದ್ದರೆ ಉಸಿರಿಗೆ ಕಷ್ಟ.

ಜೋರಾಗಿ ಉಸಿರೆಳೆದುಕೊಂಡು ಗಟ್ಟಿಯಾಗಿ ಕೂಗಲು ಹೇಳಿ. ಗೋಲ್‌ಕೀಪರ್ ಇಡೀ ತಂಡಕ್ಕೆ ಕೂಗಿ ಹೇಳುವವಳು. ಅವಳ ಉಸಿರು ಕಟ್ಟಬಾರದು.

ಬೆಳೆಯುವ ಮಗು ಎಂದು ಸಮವಸ್ತ್ರವನ್ನು ಎರಡು ಅಳತೆ ದೊಡ್ಡದಾಗಿ ಹೊಲಿಸಿ, ಅಂಚು ಮಡಿಚಿ, ವರ್ಷ ವರ್ಷ ಬಿಚ್ಚುವುದು ನಮ್ಮ ತಾಯಂದಿರಿಗೆ ಗೊತ್ತಿರುವ ಜಾಣತನ. ಎದೆಕವಚದಲ್ಲಿ ಆ ಜಾಣತನ ನಡೆಯದು. ಪಟ್ಟಿಗಳನ್ನು ಉದ್ದ ಮಾಡಲು ಬರುವ ಕವಚ ಕೊಳ್ಳಿ. ಬೆಳವಣಿಗೆಗೆ ಅಷ್ಟೇ ಅವಕಾಶ ಸಾಕು.

ಹೇಳಲು ಸಂಕೋಚಪಡುವ ಮಾತು

ಹುಡುಗರಿಗೆಂದು ಮಾಡಿದ ಚಪ್ಪಟೆ ಕವಚ ಬೆಳೆಯುತ್ತಿರುವ ಹುಡುಗಿಯ ಎದೆಗೆ ಒತ್ತಿ ನೋವು ಕೊಡಬಹುದು. ಅವಳು ಅದನ್ನು ತರಬೇತುದಾರರ ಮುಂದೆ ಹೇಳುವುದಿಲ್ಲ, ಎಷ್ಟೋ ಸಲ ತಾಯಿಯ ಮುಂದೆಯೂ ಹೇಳುವುದಿಲ್ಲ. ಪಟ್ಟಿಯನ್ನು ಸದ್ದಿಲ್ಲದೆ ಸಡಿಲಿಸಿಕೊಳ್ಳುತ್ತಾಳೆ. ಸಡಿಲಿಸಿದ ಕವಚ ಜಾರುತ್ತದೆ. ಹೆಣ್ಣು ಮಕ್ಕಳ ಮೈಕಟ್ಟಿಗೆ ಹೊಂದುವಂತೆ ರೂಪಿಸಿದ ಕವಚಗಳಿವೆ, ಒಳಗೆ ಧರಿಸುವ ಪ್ರತ್ಯೇಕ ಎದೆರಕ್ಷಕಗಳೂ ಇವೆ. ಕೆಳಹೊಟ್ಟೆಯ ಕವಚವೂ ಹೆಣ್ಣು ಮಕ್ಕಳಿಗೆ ಬೇರೆಯೇ ದೊರೆಯುತ್ತದೆ. ತಾಯಿಯೇ ಮೊದಲು ಈ ಮಾತು ತೆಗೆದು ಕೇಳಬೇಕು. ಒಂದು ಪ್ರಶ್ನೆಯಿಂದ ಮಗಳ ಅರ್ಧ ಭಾರ ಇಳಿಯುತ್ತದೆ.

ಹಳೆಯದನ್ನು ಪರೀಕ್ಷಿಸಿ

ಜಲಂಧರ್, ಮೀರತ್‌ಗಳಲ್ಲಿ ಕ್ರೀಡಾ ಸಾಮಗ್ರಿ ತಯಾರಾಗುತ್ತದೆ, ವಿದೇಶಿ ಕಂಪೆನಿಗಳವೂ ಬರುತ್ತವೆ. ಯುರೋಪಿನಲ್ಲಿ ಹಾಕಿ ಗೋಲ್‌ಕೀಪರ್‌ಗಳ ರಕ್ಷಣಾ ಉಡುಪಿಗೆ ಇಎನ್ 13546 ಎಂಬ ಮಾನದಂಡವಿದೆ. ಪಟ್ಟಿಯ ಮೇಲೆ ಆ ಸಂಖ್ಯೆ ಇದ್ದರೆ ಒಳ್ಳೆಯದು. ಹೊಸದು ಕೊಳ್ಳಲಾಗದಿದ್ದರೆ ಹಳೆಯದೂ ಆದೀತು, ಆದರೆ ಪರೀಕ್ಷಿಸಿ ಕೊಳ್ಳಿ. ಫೋಮ್ ಅನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಅದು ಮೇಲೆದ್ದು ಬರಬೇಕು. ಕುಳಿಯಾಗಿಯೇ ಉಳಿದರೆ, ಮಡಿಸಿದಾಗ ಬಿರುಕು ಕಂಡರೆ, ಪುಡಿ ಉದುರಿದರೆ ಅದರ ಆಯುಸ್ಸು ಮುಗಿದಿದೆ. ಹೊಲಿಗೆ ಬಿಟ್ಟಿದ್ದರೆ ಹೊಲಿಸಬಹುದು, ವೆಲ್ಕ್ರೋ ಸವೆದಿದ್ದರೆ ಬದಲಿಸಬಹುದು. ಸತ್ತ ಫೋಮಿಗೆ ಮಾತ್ರ ಮದ್ದಿಲ್ಲ.

ಪಳಗಿಸುವ ಹತ್ತು ದಿನ

ಹೊಸ ಚಪ್ಪಲಿ ಮೊದಲು ಕಚ್ಚುವಂತೆ ಹೊಸ ಕವಚವೂ ಬಿರುಸಾಗಿರುತ್ತದೆ. ಅದನ್ನು ತೊಟ್ಟು ನೇರವಾಗಿ ಪಂದ್ಯಕ್ಕೆ ಇಳಿಯಬಾರದು. ಸುಮಾರು ಹತ್ತು ದಿನ ಕೊಡಿ.

ಮೊದಲ ಎರಡು ಮೂರು ದಿನ ಮನೆಯಲ್ಲೇ ಅರ್ಧ ಗಂಟೆ ತೊಟ್ಟುಕೊಳ್ಳಲಿ. ಬಗ್ಗಿ ಏಳಲಿ, ಕೈ ಬೀಸಲಿ. ಮೈಯ ಬಿಸಿಗೆ ಫೋಮ್ ಸ್ವಲ್ಪ ಮೆದುವಾಗಿ ಮೈಯ ವಳಿಯನ್ನು ಹಿಡಿಯುತ್ತದೆ. ಎಲ್ಲಿ ಉಜ್ಜುತ್ತದೆ, ಎಲ್ಲಿ ಒತ್ತುತ್ತದೆ ಎಂದು ಕೇಳಿ, ಪಟ್ಟಿ ಸರಿಪಡಿಸಿ. ಸರಿಯಾದ ಜಾಗ ಸಿಕ್ಕಾಗ ಪಟ್ಟಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಡಿ.

ನಂತರದ ಮೂರು ದಿನ ಅಂಗಳದಲ್ಲಿ ಟೆನಿಸ್ ಚೆಂಡು. ಹೆಲ್ಮೆಟ್ ತೊಟ್ಟು ನಿಂತ ಮಗಳ ಎದೆಗೆ ಮೆಲ್ಲಗೆ ಎಸೆಯಿರಿ, ಮತ್ತೆ ಸ್ವಲ್ಪ ಜೋರಾಗಿ. ಕಣ್ಣು ಮುಚ್ಚದೆ ಚೆಂಡನ್ನು ಎದೆಯವರೆಗೂ ನೋಡುವುದನ್ನು ಅವಳು ಕಲಿಯುವುದು ಇಲ್ಲೇ. ಎದೆಗೆ ತಾಗಿದ ಚೆಂಡು ದೂರ ಪುಟಿಯದೆ ಹತ್ತಿರವೇ ಬೀಳುವಂತೆ ಸ್ವಲ್ಪ ಮುಂದಕ್ಕೆ ಬಾಗಿರಲು ಹೇಳಿ.

ಆಮೇಲೆ ಮೈದಾನದಲ್ಲಿ, ತರಬೇತುದಾರರ ಎದುರು, ಪೂರ್ಣ ಉಡುಪಿನಲ್ಲಿ ಹಾಕಿ ಚೆಂಡು. ಮೊದಲು ದೂರದಿಂದ ನಿಧಾನವಾದ ತಳ್ಳು, ಕ್ರಮೇಣ ವೇಗ. ನೋವು ಇನ್ನೂ ತಾಗುತ್ತಿದೆ ಎಂದರೆ ಕವಚ ಪಳಗಿಲ್ಲವೆಂದಲ್ಲ, ಅದು ಅವಳಿಗೆ ಸಾಲದು ಎಂದರ್ಥ. ಆಗ ಬೇರೆಯದನ್ನು ನೋಡಬೇಕು.

ಬೇಗ ಮೆದುವಾಗಲಿ ಎಂದು ಬಿಸಿಲಿಗೆ ಒಡ್ಡುವುದು, ಒಲೆಯ ಬಳಿ ಇಡುವುದು, ತುಳಿಯುವುದು ಬೇಡ. ಹೆಚ್ಚಿನ ಬಿಸಿಗೆ ಫೋಮ್ ಹಾಳಾಗುತ್ತದೆ. ವಾಷಿಂಗ್ ಮೆಷಿನ್ ಕೂಡ ಬೇಡ. ಆಟ ಮುಗಿದ ಮೇಲೆ ಸೌಮ್ಯ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ನೆರಳಲ್ಲಿ ಗಾಳಿಗೆ ತೂಗುಹಾಕಿ. ಕರಾವಳಿ, ಕೊಡಗಿನ ಮಳೆಗಾಲದಲ್ಲಿ ಚೀಲದೊಳಗೇ ಬಿಟ್ಟರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದೀತು.

ಕವಚಕ್ಕೂ ಮಿತಿ ಇದೆ

ಒಂದು ಎಚ್ಚರಿಕೆಯ ಮಾತು. ಎದೆಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಹೃದಯದ ಮೇಲ್ಭಾಗಕ್ಕೆ ಪೆಟ್ಟು ಬಿದ್ದರೆ, ಆರೋಗ್ಯವಂತ ಮಗುವಿನ ಬಡಿತವೂ ಏರುಪೇರಾಗಿ ಕುಸಿದು ಬೀಳಬಹುದು. ವೈದ್ಯರು ಇದನ್ನು ಕಮೋಶಿಯೋ ಕಾರ್ಡಿಸ್ ಎನ್ನುತ್ತಾರೆ. ಇದು ಬಹಳ ಅಪರೂಪ, ಆದರೆ ಹದಿಹರೆಯದವರಲ್ಲಿ ಹೆಚ್ಚು. ಸಾಧಾರಣ ಎದೆಕವಚ ತೊಟ್ಟವರಿಗೂ ಆದದ್ದುಂಟು. ಅಮೆರಿಕದ ಶಾಲಾ ಬೇಸ್‌ಬಾಲ್‌ನಲ್ಲಿ ಕ್ಯಾಚರ್‌ಗಳು ಇದಕ್ಕೆಂದೇ ರೂಪಿಸಿದ ಮಾನದಂಡದ ಕವಚ ತೊಡಬೇಕೆಂದು 2020ರಿಂದ ನಿಯಮ ಬಂದಿದೆ. ಎದೆಗೆ ಪೆಟ್ಟು ಬಿದ್ದ ಮಗು ಕುಸಿದು ಉಸಿರಾಡದಿದ್ದರೆ ನೀರು ಚಿಮುಕಿಸುತ್ತಾ ಕಾಯಬಾರದು. ತಕ್ಷಣ ಎದೆಯ ನಡುವೆ ಒತ್ತಿ ಸಿಪಿಆರ್ ಆರಂಭಿಸಬೇಕು, ಆಂಬ್ಯುಲೆನ್ಸ್ ಕರೆಸಬೇಕು, ಹೃದಯಕ್ಕೆ ಆಘಾತ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿದ್ದರೆ ತರಿಸಬೇಕು. ನಿಮ್ಮ ಶಾಲೆಯ ಮೈದಾನದಲ್ಲಿ ಸಿಪಿಆರ್ ಬಲ್ಲವರು ಯಾರಿದ್ದಾರೆ? ಮುಂದಿನ ಪೋಷಕರ ಸಭೆಯಲ್ಲಿ ಇದನ್ನು ಕೇಳಿ.

ಖರ್ಚಿನ ಮಾತು

ಗೋಲ್‌ಕೀಪರ್‌ನ ಉಡುಪು ದುಬಾರಿ, ನಿಜ. ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ತಂಡಗಳ ಗೋಲ್‌ಕೀಪರ್, ಕೇರಳದ ಪಿ.ಆರ್. ಶ್ರೀಜೇಶ್ ಅವರ ತಂದೆ ಮಗನ ಕಿಟ್‌ಗಾಗಿ ಮನೆಯ ಹಸುವನ್ನೇ ಮಾರಿದರು. ಹರಿಯಾಣದ ಜೋಧಕಾಂ ಎಂಬ ಹಳ್ಳಿಯ ಸವಿತಾ ಪೂನಿಯಾ ಆ ಭಾರದ ಕಿಟ್ ಹೊತ್ತುಕೊಂಡು ಬಸ್ಸಿನಲ್ಲಿ ಸಿರ್ಸಾಕ್ಕೆ ಹೋಗಿ ಕಲಿತವರು. 2021ರ ಆಗಸ್ಟ್ 2ರಂದು ಟೋಕಿಯೋದಲ್ಲಿ ಆಸ್ಟ್ರೇಲಿಯಾ ಒಂದೂ ಗೋಲು ಹೊಡೆಯದಂತೆ ಅವರು ತಡೆದು ನಿಂತಾಗ, ಭಾರತದ ವನಿತೆಯರು 1–0ರಿಂದ ಗೆದ್ದು ಮೊದಲ ಬಾರಿಗೆ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದರು.

ಎಲ್ಲರೂ ಹಸು ಮಾರಬೇಕೆಂದಲ್ಲ, ಎಲ್ಲ ಹುಡುಗಿಯರೂ ಒಲಿಂಪಿಕ್ಸ್‌ಗೆ ಹೋಗಬೇಕೆಂದೂ ಅಲ್ಲ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾಗದಿದ್ದರೆ ಕಾಲಿನ ಪ್ಯಾಡ್ ಶಾಲೆಯದೇ ಇರಲಿ, ಮೈಗೆ ಅಂಟಿ ಕೂರಬೇಕಾದ ಎದೆಕವಚ ಅವಳದೇ ಆಗಿರಲಿ. ನಾಲ್ಕು ಪೋಷಕರು ಸೇರಿದರೆ ಶಾಲೆಗೆ ಮೂರು ಅಳತೆಯ ಕವಚ ಕೊಡಿಸುವುದು ಕಷ್ಟವೇನಲ್ಲ. ಒಬ್ಬಳಿಗೆ ಚಿಕ್ಕದಾದದ್ದು ಮುಂದಿನ ವರ್ಷ ಇನ್ನೊಬ್ಬಳ ಎದೆ ಕಾಯುತ್ತದೆ.