ಹೊಲದಂಚಿನ ನೀರಿಗೆ ರೈತನೇ ಪರೀಕ್ಷಕ

ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್ಲೆಂಡ್ಸ್ ದೇಶದ ಕಾಲುಭಾಗದಷ್ಟು ನೆಲವು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಅಲ್ಲಿಯ ಹುಲ್ಲುಗಾವಲುಗಳ ನಡುವೆ ಬೇಲಿಯ ಸ್ಥಾನದಲ್ಲಿ ನೀರು ತುಂಬಿದ ಕಿರುಗಾಲುವೆಗಳಿವೆ. ನಮ್ಮ ಕರಾವಳಿಯವರು ತೋಡು ಎನ್ನುವಂಥವು. ದೇಶದ ತೋಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಉದ್ದವು ಸುಮಾರು 3 ಲಕ್ಷ ಕಿಲೋಮೀಟರುಗಳಾಗುವುದು.

ಈ ನೀರಿನ ಆಡಳಿತವು 13ನೆಯ ಶತಮಾನದಿಂದಲೂ ಜಲಮಂಡಲಿಗಳ ಕೈಯಲ್ಲಿದೆ. ಈಗ ಅಂಥ 21 ಮಂಡಲಿಗಳಿವೆ. ತೋಡಿನ ಅಂಚಿನ ನೆಲದ ಒಡೆಯನು ಅದರ ಕಳೆ ತೆಗೆದು ನೀರಿಗೆ ದಾರಿ ಮಾಡಿಕೊಡಬೇಕು. ಶರತ್ಕಾಲದಲ್ಲಿ ಮಂಡಲಿಯವರು ಬಂದು ತಪಾಸಣೆ ನಡೆಸುವರು. ನೀರು ಹರಿದರೆ ಸಾಕೆಂಬುದೇ ಬಹುಕಾಲದ ಭಾವನೆಯಾಗಿತ್ತು. ಆ ನೀರಿನಲ್ಲಿ ಜೀವವಿದೆಯೇ ಎಂದು ಕೇಳುವವರು ವಿರಳವಾಗಿದ್ದರು.

ಆದರೆ ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕ ಹಾಗೂ ರಂಜಕಗಳು ಮಳೆನೀರಿನೊಡನೆ ತೋಡನ್ನು ಸೇರುತ್ತವೆ. ಆಗ ಪುಟ್ಟ ಎಲೆಯ ತೇಲುಸಸ್ಯವು ಹಸಿರು ಕಂಬಳಿಯಂತೆ ಹಬ್ಬಿ ಬೆಳಕನ್ನು ತಡೆಯುತ್ತದೆ. ಕೆಳಗಿನ ಗಿಡಗಳು ಸತ್ತು ಕೊಳೆಯುತ್ತವೆ. ಆಮ್ಲಜನಕವು ಕುಗ್ಗಿ ಮೀನುಗಳು ಉಸಿರುಗಟ್ಟುತ್ತವೆ. ಐರೋಪ್ಯ ಒಕ್ಕೂಟವು 2000ದಲ್ಲಿ ಮಾಡಿದ ಜಲಶಾಸನವು ನೀರನ್ನು ಸುಸ್ಥಿತಿಗೆ ತರಲು 2027ರ ಗಡುವನ್ನು ಇಟ್ಟಿದೆ. ಸರಕಾರಿ ಅಳತೆಗಳು ನಡೆಯುವುದು ಹೆಚ್ಚಾಗಿ ದೊಡ್ಡ ಕಾಲುವೆಗಳಲ್ಲಿ. ನೂರಾರು ಹೊಲಗಳ ನೀರು ಬೆರೆತ ಮೇಲೆ ಯಾರ ಪಾಲು ಎಷ್ಟೆಂದು ತಿಳಿಯುವ ಬಗೆ ಹೇಗೆ? ಎಲ್ಲರ ಮೇಲೂ ಒಂದೇ ಅಪವಾದ, ಎಲ್ಲರಿಗೂ ಒಂದೇ ನಿರ್ಬಂಧ.

ಈ ಕಾರಣದಿಂದಲೇ ಅಲ್ಲಿಯ ಕೆಲವು ರೈತರು ತಾವೇ ಪರೀಕ್ಷೆಗೆ ಇಳಿದಿದ್ದಾರೆ. ಸಾಧನಗಳು ಸರಳವಾದವು. ಕೋಲನ್ನು ಇಳಿಸಿ ಹೂಳಿನ ದಪ್ಪವನ್ನು ಅಳೆಯುವುದು. ತಳ ಕಾಣುವುದೋ ಇಲ್ಲವೋ ನೋಡುವುದು. ಎಷ್ಟು ಬಗೆಯ ಸಸ್ಯಗಳಿವೆಯೆಂದು ಎಣಿಸುವುದು. ಬಲೆಯಾಡಿಸಿ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ದೊರೆಯುವುವೋ, ಬರಿಯ ಕೆಸರಿನ ಕೆಂಪು ಹುಳುಗಳೋ ಎಂದು ಪರಿಶೀಲಿಸುವುದು. ನೈಟ್ರೇಟಿನ ಅಳತೆಗೆ ಬಣ್ಣ ಬದಲಿಸುವ ಪಟ್ಟಿಯುಂಟು. ಡೆಲ್ಟಾರೆಸ್ ಎಂಬ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ ಸಾಧನದಿಂದ ಆ ಬಣ್ಣವನ್ನು ಮೊಬೈಲ್ ಫೋನಿನ ಕ್ಯಾಮರಾದಲ್ಲಿಯೇ ಓದಬಹುದು.

ಹೋಟೆಲಿನಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸದೆ ಪಾತ್ರೆಗೆ ಸುರಿಸಿಕೊಂಡ ಮ್ಯಾನೇಜರನು, ಚಹಾ ನೀರಾಯಿತೆಂದು ಗಿರಾಕಿ ದೂರಿದಾಗ ತಪ್ಪು ಹಾಲಿನವನದೋ ಒಳಗಿನವರದೋ ಎಂದು ಹೇಳಲಾರನು. ರೈತನೂ ಹಾಗೆಯೇ. ನೀರು ತನ್ನ ಹೊಲವನ್ನು ಸೇರುವಲ್ಲಿ ಒಮ್ಮೆ, ಬಿಡುವಲ್ಲಿ ಒಮ್ಮೆ ಅಳೆದರೆ ತನ್ನ ಪಾಲು ಎಷ್ಟೆಂಬುದರ ಅಂದಾಜು ಅವನಿಗೆ ದೊರೆಯುತ್ತದೆ. ಕೊಳೆತ ಸಸ್ಯಗಳಿಂದಾದ ಅಲ್ಲಿಯ ಕಪ್ಪುಮಣ್ಣು ತಾನೇ ಒಂದಿಷ್ಟು ಪೋಷಕಾಂಶವನ್ನು ನೀರಿಗೆ ಬಿಡುತ್ತದೆ. ಅದು ರೈತನ ಅಪರಾಧವಲ್ಲ. ಉಳಿದುದಕ್ಕೆ ಮಾತ್ರ ಅವನು ಹೊಣೆ.

ಆ ಹೊಣೆಯನ್ನರಿತವನು ಕೆಲಸದ ರೀತಿಯನ್ನೂ ಬದಲಿಸುತ್ತಾನೆ. ದಡದ ಅಂಚಿಗೆ ಗೊಬ್ಬರ ಬೀಳದಂತೆ ನೋಡಿಕೊಳ್ಳುತ್ತಾನೆ. ಈ ವರುಷ ತೋಡಿನ ಒಂದು ಮಗ್ಗುಲಿನ ಕಳೆ ತೆಗೆದರೆ, ಜೀವಿಗಳ ಆಶ್ರಯಕ್ಕಾಗಿ ಇನ್ನೊಂದು ಮಗ್ಗುಲನ್ನು ಮುಂದಿನ ವರುಷಕ್ಕೆ ಬಿಡುತ್ತಾನೆ. ಪ್ರಯೋಗಶಾಲೆಯ ಪರೀಕ್ಷೆಗೆ ಇದು ಬದಲಿಯಲ್ಲ, ನಿಜ. ಆದರೂ ಅಳತೆಗೋಲು ಅಧಿಕಾರಿಯ ಕೈಯಲ್ಲಿ ಮಾತ್ರ ಇದ್ದಾಗ ರೈತನಿಗೆ ಉಳಿಯುವುದು ಭಯ ಅಥವಾ ಜಗಳ. ತನ್ನ ಕೈಗೆ ಬಂದಾಗ ಅಪವಾದಕ್ಕೆ ಉತ್ತರ ಕೊಡುವ ಬಲವೂ, ತಪ್ಪಿದ್ದರೆ ತಿದ್ದಿಕೊಳ್ಳುವ ಬುದ್ಧಿಯೂ ಒಟ್ಟಿಗೆ ಬರುತ್ತವೆ.