ಕಂಠ ಕಾಯುವುದೂ ಸಂಗೀತದ ಪಾಠವೇ

ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಯ ಹೊತ್ತಿಗೆ, ತುಳುನಾಡಿನಲ್ಲಿ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿಯ ಬಳಿಕ. ನಡುವಿನ ಮಳೆಗಾಲ ಭಾಗವತರ ಕಂಠಕ್ಕೆ, ಚೆಂಡೆಯವರ ಭುಜಕ್ಕೆ, ವೇಷಧಾರಿಗಳ ಮೊಣಕಾಲಿಗೆ ಬಿಡುವಿನ ಕಾಲವಾಗಿತ್ತು. ಮಳೆಯಲ್ಲಿ ಬಯಲಾಟ ಆಡಲಾಗದು ಎಂಬ ಕಾರಣಕ್ಕೆ ಬಂದ ಪದ್ಧತಿಯಾದರೂ ಕಲಾವಿದರ ದೇಹವನ್ನು ಅದು ಕಾಪಾಡಿತು.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇಂದು ಕಲಿಯುತ್ತಿರುವ ಮಕ್ಕಳಿಗೆ ಅಂಥ ಬಿಡುವೇ ಇಲ್ಲ. ಶನಿವಾರ ಸಂಗೀತ, ಭಾನುವಾರ ಹಿಮ್ಮೇಳ ತರಗತಿ, ಸಂಜೆ ಕುಣಿತ ಭಜನೆ. ಮಳೆಗಾಲದಲ್ಲೇ ಪ್ರತಿಭಾ ಕಾರಂಜಿಯ ತಯಾರಿ, ಆಮೇಲೆ ಚೌತಿ, ನವರಾತ್ರಿ, ಶಾಲಾ ವಾರ್ಷಿಕೋತ್ಸವ, ಬೇಸಗೆ ಶಿಬಿರ. ಮಕ್ಕಳು ಇಷ್ಟು ಹಾಡುವುದು ಸಂತೋಷದ ಸಂಗತಿಯೇ. ಆದರೆ ಹಾಡುವುದನ್ನು ಕಲಿಸುವ ನಾವು, ಹಾಡುವ ದೇಹವನ್ನು ನೋಡಿಕೊಳ್ಳುವುದನ್ನೂ ಕಲಿಸುತ್ತಿದ್ದೇವೆಯೇ?

ಶಾಸ್ತ್ರ ಶುರುವಾದದ್ದೇ ದೇಹದಿಂದ

ಇದು ನಮಗೆ ಹೊಸ ವಿಚಾರವಲ್ಲ. 13ನೇ ಶತಮಾನದಲ್ಲಿ ಸಂಗೀತ ರತ್ನಾಕರ ಬರೆದ ಶಾರ್ಙ್ಗದೇವ ವೈದ್ಯರ ಮನೆತನದವನು. ತನ್ನ ಗ್ರಂಥದಲ್ಲಿ ಸ್ವರಕ್ಕೆ ಬರುವ ಮೊದಲೇ ಅವನು ಮನುಷ್ಯದೇಹ ಹೇಗೆ ರೂಪುಗೊಳ್ಳುತ್ತದೆ ಎಂದು ಪಿಂಡೋತ್ಪತ್ತಿ ಪ್ರಕರಣದಲ್ಲಿ ವಿವರಿಸುತ್ತಾನೆ. ಮುಂದೆ ಗಾಯಕರ 25 ದೋಷಗಳನ್ನು ಪಟ್ಟಿ ಮಾಡುತ್ತಾನೆ. ಹಲ್ಲು ಕಚ್ಚಿ ಹಾಡುವುದು, ಕತ್ತು ಸೊಟ್ಟ ಮಾಡುವುದು, ನರ ಉಬ್ಬಿಸಿ ಹಾಡುವುದು ಎಲ್ಲವೂ ಅದರಲ್ಲಿವೆ. ಇಂದಿನ ಕಿವಿ-ಮೂಗು-ಗಂಟಲು ವೈದ್ಯರೂ ಇವನ್ನು ಸ್ವರಪೆಟ್ಟಿಗೆಯ ಮೇಲೆ ಬೀಳುವ ಅನಗತ್ಯ ಒತ್ತಡದ ಲಕ್ಷಣಗಳೆಂದೇ ನೋಡುತ್ತಾರೆ.

ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಾಡುವ ಐದೂವರೆ ಮನೆ ಶ್ರುತಿಯಲ್ಲಿ ಷಡ್ಜ ಹಿಡಿದಾಗ ಸ್ವರತಂತುಗಳು ಸೆಕೆಂಡಿಗೆ ಸುಮಾರು 208 ಸಲ ಒಂದಕ್ಕೊಂದು ತಾಗುತ್ತವೆ. ತಾರ ಷಡ್ಜದಲ್ಲಿ ಅದರ ಇಮ್ಮಡಿ. ಒತ್ತಿ ಹಾಡಿದರೆ ತಾಗುವ ರಭಸ ಇನ್ನೂ ಹೆಚ್ಚು. ಇದು ದಿನವೂ ನಡೆದರೆ ತಂತುಗಳ ಅಂಚು ಬಾತು, ಕ್ರಮೇಣ ಗಂಟಾಗುತ್ತದೆ. ಆಗ ಮನೆಯವರು "ಸ್ವರ ಬಿದ್ದಿದೆ" ಎನ್ನುತ್ತಾರೆ, ಒಳ್ಳೆಮೆಣಸಿನ ಕಷಾಯ ಕುಡಿಸಿ ಮತ್ತೆ ವೇದಿಕೆ ಹತ್ತಿಸುತ್ತಾರೆ. ಕಷಾಯ ಗಂಟಲಿಗೆ ಹಿತ. ಆದರೆ ಕುಡಿದದ್ದು ಅನ್ನನಾಳಕ್ಕೆ ಇಳಿಯುತ್ತದೆಯೇ ಹೊರತು ಸ್ವರತಂತುಗಳನ್ನು ಮುಟ್ಟುವುದಿಲ್ಲ. ಅವುಗಳಿಗೆ ನಿಜವಾದ ಮದ್ದು ಮೌನ, ದಿನವಿಡೀ ಸಾಕಷ್ಟು ನೀರು, ನಿದ್ದೆ. ಪಿಸುಮಾತೂ ವಿಶ್ರಾಂತಿಯಲ್ಲ, ಅದೂ ಸ್ವರಪೆಟ್ಟಿಗೆಯನ್ನು ದಣಿಸಬಲ್ಲದು. ಎರಡು-ಮೂರು ವಾರವಾದರೂ ದನಿ ಸರಿಹೋಗದಿದ್ದರೆ ತಜ್ಞರಿಗೆ ತೋರಿಸಲೇಬೇಕು.

ಯಾರ ಶ್ರುತಿ ಯಾರ ಕಂಠಕ್ಕೆ?

ಸುಳ್ಯದ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್, ಬಲಿಪ ನಾರಾಯಣ ಭಾಗವತ ಇಬ್ಬರೂ ಏರುಶ್ರುತಿಯ ಹಾಡಿಕೆಗೆ ಹೆಸರಾದ ಭಾಗವತರು. ಅವರ ಧ್ವನಿಮುದ್ರಿಕೆ ಕೇಳಿ ಬೆಳೆಯುವ ಹುಡುಗ ಅದೇ ಶ್ರುತಿಯಲ್ಲಿ ಹಾಡಲು ಹೊರಟರೆ ತಡೆಯಬೇಕಾದವರು ಗುರುಗಳು. ಆ ಭಾಗವತರ ಕಂಠ ಪಳಗಿದ್ದು ವರ್ಷಗಳ ಸಾಧನೆಯಿಂದ. ಲೀಲಾವತಿ ಬೈಪಾಡಿತ್ತಾಯರು ತೆರೆದ ದಾರಿಯಲ್ಲಿ ಇಂದು ಅನೇಕ ಹೆಣ್ಣುಮಕ್ಕಳು ಭಾಗವತಿಕೆ ಕಲಿಯುತ್ತಿದ್ದಾರೆ. ಅವರಿಗೂ ತಮ್ಮದೇ ಶ್ರುತಿ ಕಂಡುಕೊಳ್ಳುವ ಸ್ವಾತಂತ್ರ್ಯ ಬೇಕು.

ಹನ್ನೆರಡರಿಂದ ಹದಿನೈದರ ನಡುವಿನ ಗಂಡುಮಕ್ಕಳ ಪಾಡು ಇನ್ನೂ ನಾಜೂಕು. ಸ್ವರಪೆಟ್ಟಿಗೆ ಬೆಳೆದು ದನಿ ಒಡೆಯುವ ಆ ಕಾಲದಲ್ಲಿ ನಿನ್ನೆ ಸಿಕ್ಕಿದ ಪಂಚಮ ಇಂದು ಸಿಗುವುದಿಲ್ಲ. ತಮ್ಮ ಸಂಗೀತ ಮುಗಿಯಿತೆಂದು ಹೆದರಿ ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಾರೆ. ಇದು ಕಾಯಿಲೆಯಲ್ಲ, ಬೆಳವಣಿಗೆ ಎಂದು ಹೇಳಿ, ಶ್ರುತಿ ಇಳಿಸಿ, ತಾಳ, ರಾಗಜ್ಞಾನ, ಕೇಳ್ಮೆಯ ಕಡೆ ಪಾಠವನ್ನು ತಿರುಗಿಸಿದರೆ ಒಬ್ಬ ಗಾಯಕ ಉಳಿಯುತ್ತಾನೆ.

ಕಿವಿ, ಬೆನ್ನು, ಬೆರಳು

ತೆಂಕುತಿಟ್ಟಿನಲ್ಲಿ ಚೆಂಡೆಯನ್ನು ಹೆಗಲಿಗೆ ತೂಗುಹಾಕಿ ನಿಂತು ಬಾರಿಸುತ್ತಾರೆ. ಭಾರ ಒಂದೇ ಬದಿಗೆ ಬೀಳುತ್ತದೆ. ಪಿಟೀಲು, ಮೃದಂಗದವರು ಗಂಟೆಗಟ್ಟಲೆ ನೆಲದ ಮೇಲೆ ಕುಳಿತಿರುತ್ತಾರೆ. ಕೊಳಲಿನವರ ಕತ್ತು ಒಂದೇ ಕಡೆಗೆ ತಿರುಗಿರುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಭುಜ, ಮಣಿಕಟ್ಟು, ಸೊಂಟ ಸಡಿಲಿಸುವ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಅತಿಯಾದ ಸಾಧನೆ ಏನು ಮಾಡಬಲ್ಲದು ಎಂಬುದಕ್ಕೆ ಜರ್ಮನಿಯ ರಾಬರ್ಟ್ ಶೂಮನ್ ಅವರನ್ನು ಉದಾಹರಿಸುವುದುಂಟು: 1830ರ ದಶಕದಲ್ಲಿ ಬಲಗೈಯ ಬೆರಳು ಕೆಟ್ಟು ಅವರ ಪಿಯಾನೊ ವಾದನದ ಕನಸು ಮುರಿಯಿತು.

ಕಿವಿಯ ನಷ್ಟವಂತೂ ಸದ್ದಿಲ್ಲದೆ ಆಗುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. 94 ಡೆಸಿಬೆಲ್‌ಗೆ ಒಂದೇ ಗಂಟೆ. ಮುಚ್ಚಿದ ಕೋಣೆಯಲ್ಲಿ ಹಲವು ಚೆಂಡೆಗಳು ಒಟ್ಟಿಗೆ ಮೊಳಗುವ ತರಗತಿಗಳು ಇದನ್ನು ಗಮನಿಸಬೇಕು. ಬಯಲಿನಲ್ಲೋ ಜಗಲಿಯಲ್ಲೋ ಕಲಿಸುವುದು, ಕೋಣೆಯೊಳಗೆ ಕಲಿಯುವವರಿಗೆ ಹಲಗೆ ಕೊಟ್ಟು ಕೈ ಕೂರಿಸುವುದು ಖರ್ಚಿಲ್ಲದ ದಾರಿಗಳು.

ಮಾಡಬಹುದಾದದ್ದು

2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸಂಗೀತ ಶಿಕ್ಷಕರೂ ವೈದ್ಯರೂ ಸೇರಿ ಸಂಗೀತ ಶಾಲೆಗಳಲ್ಲಿ ಆರೋಗ್ಯಪಾಠ ಹೇಗಿರಬೇಕೆಂದು ಚರ್ಚಿಸಿದರು. ಈಗ ಅಲ್ಲಿನ ಸಂಗೀತ ಶಾಲೆಗಳ ರಾಷ್ಟ್ರೀಯ ಸಂಘದ ಮಾನ್ಯತೆ ಬೇಕಾದರೆ ಕಿವಿ, ಕಂಠ, ಮೂಳೆ-ಸ್ನಾಯುಗಳ ಕಾಳಜಿಯ ಬಗ್ಗೆ ವಿದ್ಯಾರ್ಥಿಗಳಿಗೆ ತಿಳಿಸಲೇಬೇಕು. ನಮ್ಮಲ್ಲೂ ಅನುಕೂಲಗಳಿಗೆ ಕೊರತೆಯಿಲ್ಲ. ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಮತ್ತು ಆಯುರ್ವೇದ ಕಾಲೇಜುಗಳಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಏಪ್ರಿಲ್ 16 ವಿಶ್ವ ಧ್ವನಿ ದಿನ. ರಜೆಯ ಆ ಹೊತ್ತಿನಲ್ಲಿ ಮೂರು ತಾಲೂಕುಗಳ ಗುರುಗಳು ಸೇರಿ ವೈದ್ಯರಿಂದ ಒಂದು ದಿನದ ಪಾಠ, ಮಕ್ಕಳಿಗೆ ಶ್ರವಣ ತಪಾಸಣೆ ಏರ್ಪಡಿಸಬಹುದು. ಜೂನಿಯರ್, ಸೀನಿಯರ್ ಪರೀಕ್ಷೆಗಳ ಶಾಸ್ತ್ರಭಾಗದಲ್ಲಿ ರಾಗಲಕ್ಷಣ, ವಾಗ್ಗೇಯಕಾರರ ಜೊತೆಗೆ ದೇಹರಕ್ಷಣೆಗೂ ಒಂದು ಅಧ್ಯಾಯ ಮೀಸಲಾಗಲಿ.

ಹೆತ್ತವರಲ್ಲಿ ಒಂದು ವಿನಂತಿ. ಮಗು ಗಂಟಲು ನೋಯುತ್ತದೆ ಎಂದ ದಿನ ಆ ಮಾತನ್ನು ನಂಬಿ. ಸ್ಪರ್ಧೆ ಇನ್ನೊಮ್ಮೆ ಬರುತ್ತದೆ. ಅಂದು ಹಾಡದೆ ಸುಮ್ಮನಿರುವುದೂ ಸಾಧನೆಯೇ ಎಂದು ಗುರುಗಳೂ ಮನೆಯವರೂ ಒಂದೇ ಬಾಯಿಂದ ಹೇಳಿದರೆ, ಈ ಮಕ್ಕಳು ಅರುವತ್ತರ ವಯಸ್ಸಿನಲ್ಲೂ ಹಾಡಬಲ್ಲರು.